ಬಿಸಿಲಿಗೆ ಹಿಡಿದು ನೋಡಿದ ಈಜಂಗಿ

ಮಡಂತ್ಯಾರಿನ ಆಟದ ಸಾಮಾನುಗಳ ಅಂಗಡಿಯ ಬಾಗಿಲಲ್ಲಿ ನಿಂತು, ವಿಜೇತಾ ಕಪ್ಪು ಬಣ್ಣದ ತುಂಬುತೋಳಿನ ಈಜಂಗಿಯೊಂದನ್ನು ಎಳೆದು ಬಿಸಿಲಿಗೆ ಹಿಡಿದರು.

"ಬಣ್ಣ ಹೋಗುದಿಲ್ಲ ಟೀಚರ್," ಎಂದರು ಒಳಗಿದ್ದ ಅಂಗಡಿಯ ಯಜಮಾನ ಹನೀಫಾ.

"ಬಣ್ಣ ಅಲ್ಲ ಹನೀಫಾಕ. ಬೆಳಕು ಈಚೆ ಬರ್ತದಾ ಅಂತ ನೋಡುದು."

ಬೆಳ್ತಂಗಡಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿರುವ ವಿಜೇತಾ ಕಾಲೇಜಿನ ದಿನಗಳಲ್ಲಿ ಈಜು ತಂಡದಲ್ಲಿದ್ದವರು. ಎರಡು ವರ್ಷದ ಹಿಂದೆ ಕೀಲುನೋವಿಗೆ ಮದ್ದು ಶುರುವಾದ ಮೇಲೆ ಅವರ ಚರ್ಮಕ್ಕೆ ಬಿಸಿಲು ಆಗದಾಯಿತು. ಸ್ವಲ್ಪ ಹೊತ್ತು ತಾಗಿದರೂ ಕೆಂಪು ದದ್ದು, ಮತ್ತೆ ನೀರ್ಗುಳ್ಳೆ. ಹಗಲು ಈಜುವುದು ನಿಂತೇಹೋಯಿತು. ಈಗ ತಂಡದ ಹಳೆಯ ಗೆಳತಿಯರು ನೇತ್ರಾಣಿ ದ್ವೀಪಕ್ಕೆ ಹೋಗಿ, ಸ್ನಾರ್ಕೆಲಿಂಗ್ ಮಾಡಿ, ಅಂದರೆ ಉಸಿರಿನ ಕೊಳವೆ ಕಚ್ಚಿ ನೀರಿನ ಮೇಲೆ ಕವುಚಿ ತೇಲುತ್ತ, ಮೀನು ನೋಡಿ ಬರುವ ಏರ್ಪಾಡು ಮಾಡಿದ್ದರು. ದೋಣಿ ಹೋಗುವುದು ಹಗಲಿನಲ್ಲೇ. ಮೈ ಮುಚ್ಚುವ ಉಡುಪು ಹಾಕಿ ಮೊದಲು ಊರಿನ ಕೊಳದಲ್ಲಿ ನೋಡಿ, ದದ್ದು ಎದ್ದರೆ ಸಮುದ್ರ ಬೇಡ ಎಂದು ವೈದ್ಯರು ಹೇಳಿದ್ದರು.

ಹನೀಫಾ ಮೊದಲು ತೋರಿಸಿದ್ದು ಬಿಳಿ ಅಂಗಿ. ಸೆಖೆಗೆ ಬಿಳಿಯೇ ಒಳ್ಳೆಯದು ಎಂಬುದು ಅವರ ಲೆಕ್ಕ. ವಿಜೇತಾ ತಮ್ಮ ಬಾಟಲಿಯಿಂದ ಅದರ ತೋಳಿಗೆ ನೀರು ಚಿಮುಕಿಸಿದ್ದರು. ಒದ್ದೆಯಾದಲ್ಲಿ ಒಳಗಿನ ಬೆರಳು ಕಂಡಿತ್ತು.

"ಒದ್ದೆ ಮಾಡಿದ್ರೆ ಇನ್ನು ಯಾರು ತಕೊಳ್ತಾರೆ ಮಾರಾಯ್ರೆ?"

"ಒಣಗ್ತದೆ."

ಕಪ್ಪು ಬಟ್ಟೆಯಲ್ಲಿ ಬೆಳಕು ತೂರಲಿಲ್ಲ. ಅದನ್ನೂ ಮಂಡಿಯವರೆಗಿನ ಈಜುಚಡ್ಡಿಯನ್ನೂ ಹಿಂಗುತ್ತಿಗೆ ಮುಚ್ಚುವ ಟೋಪಿಯನ್ನೂ ಕೊಂಡರು.

ಶನಿವಾರ ಮಧ್ಯಾಹ್ನ ಮೂಡುಬಿದಿರೆಯ ಬಯಲು ಈಜುಕೊಳಕ್ಕೆ ನಾದಿನಿ ಪ್ರಾಪ್ತಿಯೂ ಜೊತೆಗೆ ಬಂದಳು. ಉಡುಪು ತೊಟ್ಟು ಬಂದ ವಿಜೇತಾರನ್ನು ನೋಡಿ ನಕ್ಕಳು. "ಅತ್ತಿಗೆ, ಅಡಿಕೆಗೆ ಮದ್ದು ಬಿಡ್ಲಿಕ್ಕೆ ಹೊರಟ ಹಾಗೆ ಕಾಣ್ತೀರಿ."

"ಪಂಪು ನೀನು ಹೊತ್ತುಕೋ, ನಾನು ಬಿಡ್ತೇನೆ."

ವಿಜೇತಾ ಕೊಳವೆ ಕಚ್ಚಿ, ಮುಖವನ್ನು ನೀರಿಗಿಟ್ಟು ಅರ್ಧ ಗಂಟೆ ತೇಲಿದರು. ಸಂಜೆ ಮನೆಯಲ್ಲಿ ನೋಡಿದರೆ ತೋಳು, ಬೆನ್ನು, ಕುತ್ತಿಗೆಗೆ ಏನೂ ಆಗಿರಲಿಲ್ಲ. ಎರಡೂ ಮೀನಖಂಡಗಳು ಮಾತ್ರ ಕೆಂಪಾಗಿದ್ದವು. ಅಂಗಿ ಮೇಲೆ ಸರಿದಿದ್ದ ಕಡೆ, ಸೊಂಟದ ಹಿಂದೆ, ದದ್ದಿನ ಒಂದು ಪಟ್ಟಿ. ಕವುಚಿ ತೇಲುವುದನ್ನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವರು, ಉಡುಪನ್ನು ನಿಂತುಕೊಂಡಿರುವವರಿಗೆ ಎಂಬಂತೆ ಆರಿಸಿದ್ದರು.

"ಹಾಗಾದ್ರೆ ನೇತ್ರಾಣಿ ಇಲ್ಲವಾ?" ಪ್ರಾಪ್ತಿ ಕೇಳಿದಳು.

"ಬಟ್ಟೆ ಇದ್ದಲ್ಲಿ ಏನೂ ಆಗ್ಲಿಲ್ಲ ಅಲ್ವಾ. ಬಟ್ಟೆ ಸಾಕಾಗ್ಲಿಲ್ಲ, ಅಷ್ಟೆ."

ಸೋಮವಾರ ಹನೀಫಾ ಪಾದದವರೆಗಿನ ಈಜು ಲೆಗ್ಗಿಂಗ್ಸ್ ಹುಡುಕಿ ಕೊಟ್ಟರು. ಅಂಗಿ ಮೇಲೆ ಸರಿಯದಂತೆ, ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಬೀಫಾತಿಮಾ ಅದರ ಕೆಳಅಂಚಿಗೆ ಕುಣಿಕೆಗಳನ್ನೂ ಲೆಗ್ಗಿಂಗ್ಸಿನ ಸೊಂಟಪಟ್ಟಿಗೆ ಗುಂಡಿಗಳನ್ನೂ ಹೊಲಿದರು. "ನೀರಲ್ಲಿ ಬಿಚ್ಚಿದ್ರೆ ನನಗೆ ಬೈಬೇಡಿ ಟೀಚರ್," ಎಂದೂ ಹೇಳಿದರು.

ದದ್ದು ಇಳಿದ ಮೇಲೆ ವಿಜೇತಾ ಅದೇ ಕೊಳದಲ್ಲಿ, ಅದೇ ಹೊತ್ತಿಗೆ, ಅಷ್ಟೇ ಹೊತ್ತು ತೇಲಿದರು. ಎಲ್ಲೂ ಕೆಂಪಾಗಲಿಲ್ಲ. ಅರ್ಧ ಗಂಟೆಗಿಂತ ಹೆಚ್ಚು ನೀರಲ್ಲಿರಬಾರದು ಎಂಬ ಷರತ್ತಿನ ಮೇಲೆ ವೈದ್ಯರು ಒಪ್ಪಿದರು. ಬರುವ ಆದಿತ್ಯವಾರ ಬೆಳಿಗ್ಗೆ ಮುರ್ಡೇಶ್ವರದಿಂದ ಹೊರಡುವ ದೋಣಿಯಲ್ಲಿ ವಿಜೇತಾ ನೇತ್ರಾಣಿಗೆ ಹೋಗುತ್ತಾರೆ.