ಅರ್ಜುಮಂದಳ ಕಾಂಚನಗಂಗಾ

ಸುರಪುರದ ಅರ್ಜುಮಂದ ಇಪ್ಪತ್ತೆರಡು ವರ್ಷ ಮದುವೆಗಳ ಫೋಟೊ ತೆಗೆದಳು. ಅದರಲ್ಲಿ ಒಂದನ್ನೂ ಯಾರಿಗೂ ತೋರಿಸುವ ಹಾಗಿರಲಿಲ್ಲ. ಪರದೆ ಪಾಲಿಸುವ ಮನೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೊಗ್ರಾಫರ್ ಹೋಗುವಂತಿಲ್ಲ. ಹಾಗಾಗಿ ಶಹಾಪುರ, ಯಾದಗಿರಿ, ಸೈದಾಪುರದಿಂದೆಲ್ಲ ಅವಳಿಗೇ ಕರೆ. ಆಲ್ಬಮ್ ಕೊಟ್ಟ ದಿನ ಮನೆಯ ಹಿರಿಯರು ಎದುರಿಗೇ ಕೂತು ಅವಳ ಬಳಿಯ ಪ್ರತಿಗಳನ್ನೆಲ್ಲ ಅಳಿಸಿಹಾಕಿಸುತ್ತಿದ್ದರು. ಸ್ಟುಡಿಯೋದ ಬೋರ್ಡಿನ ಮೇಲೆ ಇದ್ದದ್ದು ಅಣ್ಣ ಹಾಶಿಮನ ಹೆಸರು, ಗಾಜಿನ ಹಿಂದೆ ಇದ್ದದ್ದು ಅವನು ತೆಗೆದ ಚಿತ್ರಗಳು.

"ತಂಗಿ ಏನಿಲ್ರಿ, ಹೆಂಗಸರ ಕಡಿ ಸುಮ್ನ ಬಟನ್ ಒತ್ತತಾಳ," ಎಂದು ಅವನು ಗಿರಾಕಿಗಳೆದುರು ನಗುತ್ತಿದ್ದ. ಆ ನಗು ಕೇಳಿದರೆ ಅವಳಿಗೆ ಕೆಂಡ ತುಳಿದಂತಾಗುತ್ತಿತ್ತು.

ನಲವತ್ಮೂರು ತುಂಬಿದ ವರ್ಷ ಅವಳು ದಾರ್ಜಿಲಿಂಗಿಗೆ ಟಿಕೆಟ್ ತೆಗೆಸಿದಳು.

"ಎದಕ್ಕ?" ಹಾಶಿಮ ಕೇಳಿದ.

"ಕಾಂಚನಗಂಗಾದ ಫೋಟೊ ತೆಗೀಲಿಕ್ಕೆ."

"ಯಾಕ, ಸುರಪುರದಾಗ ಗುಡ್ಡ ಕಡಿಮಿ ಬಿದ್ದಾವೇನು?"

"ಅಷ್ಟು ದೊಡ್ಡದರ ಫೋಟೊ ಯಾರೂ ಮುಚ್ಚಿಡು ಅನ್ನಂಗಿಲ್ಲ, ಭಾಯಿ."

"ಹೋಗು. ಕ್ಯಾಮೆರಾ ಇಟ್ಟು ಹೋಗು. ಅದು ಅಂಗಡೀದು."

ಕ್ಯಾಮೆರಾ ಅವಳ ದುಡಿಮೆಯದೇ. ಅವಳು ಚೀಲವನ್ನು ಎದೆಗವಚಿಕೊಂಡು, ಬಾಗಿಲಲ್ಲಿ ನಿಂತವನ ಭುಜವನ್ನು ತಳ್ಳಿಕೊಂಡೇ ಹೊರಬಿದ್ದಳು. ಒಬ್ಬಳೇ ಹೋಗುವುದು ಬೇಡವೆಂದು ತಾಯಿ ಶರೀಫಾಬೀ ತನ್ನ ತಂಗಿ ಖುರ್ಷೀದಬೇಗಂಳನ್ನು ಜೊತೆಗೆ ಹಾಕಿದಳು. ಯಾದಗಿರಿಯಲ್ಲಿ ರೈಲು ಹತ್ತಿದ ಈ ಚಿಕ್ಕಮ್ಮ ದಾರಿಯುದ್ದಕ್ಕೂ ಗೊಣಗಿದಳು: ಚಹಾ ನೀರು, ಹಾಸಿಗೆ ಕಲ್ಲು, ಅಕ್ಕನ ಮಗಳು ಹುಚ್ಚಿ.

ದಾರ್ಜಿಲಿಂಗಿನಲ್ಲಿ ಮೂರು ದಿನ ಬರೀ ಮಂಜು. ಎದುರಿನ ಮನೆಯ ಗೋಡೆಯೂ ಕಾಣಲಿಲ್ಲ.

"ಅಲ್ಲಾಗೂ ನಿನ್ನ ಮ್ಯಾಲ ಸಿಟ್ಟದ. ಚಳಿಗೆ ಸಾಯಾಕ ಕರಕೊಂಡು ಬಂದೀಯೇನು ನನ್ನ?"

"ಬಾಯಿ ಮುಚ್ಚು ಖಾಲಾ!" ಅರ್ಜುಮಂದ ಚೀರಿದಳು. ಹಿರಿಯರ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಆಮೇಲೆ ಇಬ್ಬರೂ ಬೇರೆಬೇರೆ ಕೂತು ಉಂಡರು.

ನಾಲ್ಕನೆಯ ಬೆಳಿಗ್ಗೆ ಮೋಡ ಹರಿಯಿತು. ಅವಳು ಕಾಂಚನಗಂಗಾವನ್ನು ದೂರದ ಬೆಟ್ಟಸಾಲಿನಲ್ಲಿ ಹುಡುಕುತ್ತಿದ್ದಳು, ಅದು ಅಲ್ಲಿರಲಿಲ್ಲ. ಅವಳು ಆಕಾಶವೆಂದುಕೊಂಡ ಜಾಗದಲ್ಲಿ, ಅಷ್ಟು ಎತ್ತರದಲ್ಲಿ, ಬೆಳ್ಳಗೆ ನಿಂತಿತ್ತು. ಚೆಂದವೆನ್ನಿಸುವ ಮೊದಲು ಭಯವಾಯಿತು. ಮದುವೆ ಮನೆಗೆ ಬಂದೂ ಯಾರನ್ನೂ ಮಾತಾಡಿಸದ ಬೀಗತಿಯ ಹಾಗೆ ಅದು ಕೆಳಗಿನವರನ್ನೆಲ್ಲ ಕಡೆಗಣಿಸಿತ್ತು.

ಪ್ರವಾಸಿಗರು ನಿಂತು ನೋಡುವ ಜಾಗದ ಕಟಕಟೆಯ ಬಳಿ ಅವಳು ಕ್ಯಾಮೆರಾ ಸ್ಟ್ಯಾಂಡ್ ಹೂಡಿದಳು. ಉದ್ದ ಲೆನ್ಸಿನವನೊಬ್ಬ ಮೊಣಕೈಯಿಂದ ತಿವಿದು, "ಸರೀರಿ ಮೇಡಂ, ಇದು ಫೋಟೊಗ್ರಾಫರ್‌ಗಳ ಜಾಗ," ಎಂದು ಹಿಂದಿಯಲ್ಲಿ ಹೇಳಿ, ಸ್ಟ್ಯಾಂಡಿನ ಕಾಲನ್ನು ಬೂಟಿನಿಂದ ಸರಿಸಿದ. ಅವಳು ಅವನ ಮಣಿಕಟ್ಟನ್ನು ಹಿಡಿದು ತನ್ನ ದಖ್ಖನಿ ಉರ್ದುವಿನಲ್ಲಿ ಗದರಿದಳು: "ಫೋಟೊ ತೆಗೀಲಿಕ್ಕೆ ಹತ್ತಿ ಇಪ್ಪತ್ತೆರಡು ವರ್ಷ ಆತು ನನಗೂ. ಕಾಲು ತೆಗಿ." ಅವನು ಬೈಯುತ್ತ ಹಿಂದೆ ಸರಿದ. ಹನ್ನೊಂದು ನಿಮಿಷ ಸಿಕ್ಕಿತು. ಮತ್ತೆ ಮೋಡ ಮುಚ್ಚಿತು.

ಊರಿಗೆ ಬಂದು ಆಗ ತೆಗೆದ ಒಂದು ಫೋಟೊವನ್ನು ದೊಡ್ಡದಾಗಿ ಮಾಡಿಸಿ, ಮೂಲೆಯಲ್ಲಿ ತನ್ನ ಹೆಸರು ಹಾಕಿ, ಸ್ಟುಡಿಯೋದ ಗಾಜಿನ ಹಿಂದೆ ತೂಗುಹಾಕಿದಳು.

"ಇಂಟರ್‌ನೆಟ್‌ನಿಂದ ಇಳಿಸ್ಯಾಳ್ರಿ," ಎಂದು ಹಾಶಿಮ ಬಂದವರಿಗೆಲ್ಲ ಹೇಳಿದ. ಮೂರನೆಯ ದಿನ ಅದನ್ನು ಕೆಳಗಿಳಿಸಿ ಗೋಡೆಗೆ ಮುಖಮಾಡಿ ಇಟ್ಟ.

ಅರ್ಜುಮಂದ ಅಳಲಿಲ್ಲ. ಫೋಟೊ, ಕ್ಯಾಮೆರಾ ಎತ್ತಿಕೊಂಡು ಶಹಾಪುರದಲ್ಲಿ ಒಂದು ಖೋಲಿ ಹಿಡಿದಳು. ಹೆಂಗಸರ ಕಡೆಯ ಕೆಲಸವೆಲ್ಲ ಅವಳ ಬೆನ್ನಿಗೇ ಹೋಯಿತು. ಒಂದು ಮಧ್ಯಾಹ್ನ ಹಾಶಿಮ ಬಂದು ಹೊಸ್ತಿಲಾಚೆಯೇ ನಿಂತ.

"ಅಮ್ಮಿ ಅಳಾಕತ್ತಾಳ. ಬಾ ಮನಿಗೆ."

"ಆ ಫೋಟೊ ನಾನೇ ತೆಗೆದದ್ದು ಅಂತ ಪ್ಯಾಟ್ಯಾಗ ನಾಲ್ಕು ಮಂದಿ ಮುಂದ ಅನ್ನು. ಬರ್ತೀನಿ."

ಅವನು ಅನ್ನಲಿಲ್ಲ. ಎರಡು ವರ್ಷವಾಯಿತು. ರಂಜಾನ್ ಹಬ್ಬಕ್ಕೆ ಮಾತ್ರ ಅವಳು ತಾಯಿಗಾಗಿ ಒಂದು ದಿನ ಬರುತ್ತಾಳೆ; ಅಣ್ಣ ಒಂದು ಕೋಣೆಯಲ್ಲಿ, ತಂಗಿ ಒಂದು ಕೋಣೆಯಲ್ಲಿ ಕೂರುತ್ತಾರೆ. ಶರೀಫಾಬೀ ಶಾವಿಗೆ ಪಾಯಸದ, ಶೀರ್ ಖುರ್ಮಾದ, ಬಟ್ಟಲನ್ನು ಎರಡು ಕಡೆಗೂ ಹೊತ್ತು ತಿರುಗುತ್ತಾಳೆ.