ಗುಬ್ಬಿಯ ಪಾಸ್‌ವರ್ಡ್

ಮೈಮೇಲೆ ಗಾಳಿ ಬರುತ್ತದೆ ಅನ್ನುವುದನ್ನು ನಾನು ನಂಬಿದವನಲ್ಲ. ನಮ್ಮ ಹನೂರಿನ ಕಡೆ ಯಾರಿಗೆ ಬಂದರೂ ಹೋಗಿ ನೋಡಿಕೊಂಡು ಬಂದು, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅದನ್ನೇ ಮಾಡಿ ತೋರಿಸಿ ಟೀ ಗಿಟ್ಟಿಸುತ್ತಿದ್ದೆ. ಮೇಷ್ಟ್ರು, ಕಂಡಕ್ಟರು, ನಮ್ಮಪ್ಪ, ಯಾರ ಗಂಟಲನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಿತ್ತು. ಈಗ ಹೇಳಹೊರಟಿದ್ದನ್ನು ನೀವು ನಂಬದಿದ್ದರೂ ಬೇಸರವಿಲ್ಲ.

ಕೊಳ್ಳೇಗಾಲದಲ್ಲಿ ಡಿಗ್ರಿಗೆ ಸೇರಿದ ವರ್ಷ, ಎರಡು ಸಾವಿರದ ಮೂರು ಇರಬೇಕು, ವಿಶ್ವವಿದ್ಯಾನಿಲಯದವರು ಹೊಸಬರಿಗೆಲ್ಲ ಇಮೇಲ್ ವಿಳಾಸ ಕೊಟ್ಟರು. ಹೆಸರಿಗೆ ಊರಿನ ಮೊದಲಕ್ಷರ ಸೇರಿಸಿದರೆ ಯೂಸರ್ ನೇಮ್. ನಮ್ಮ ಕಡೆ ಮನೆಗೊಬ್ಬ ಮಾದೇಶ ಇರುವುದು ಅವರಿಗೇನು ಗೊತ್ತು. ನನ್ನನ್ನೂ ಸೇರಿಸಿ ಮಾದೇಶರಿಗೆಲ್ಲ ಬಸ್ಸಿಗೆ ಹಾಕಿದ ಹಾಗೆ ನಂಬರು ಬಿತ್ತು. ಪಾಸ್‌ವರ್ಡ್ ಯಾರೂ ಮರೆಯಬಾರದೆಂದು ಲ್ಯಾಬಿನ ಆಪರೇಟರು ತಾವೇ ಒಂದು ಉಪಾಯ ಹುಡುಕಿದ್ದರು. "ಮನೇಲಿ ಏನಂತ ಕರೀತಾರೋ ಅದ ಯೋಳ್ರಪ್ಪ, ಅದ್ನೇ ಆಕ್ತೀನಿ."

ಸಾಲಿನಲ್ಲಿ ನಿಂತು ಎಲ್ಲರೆದುರು ಹೇಳಬೇಕು. ನಾನು "ಮೊದ್ದ, ಸಾ" ಅಂದೆ. ಎಲ್ಲ ನಕ್ಕರು. ನನ್ನ ಹಿಂದೆ ಯಳಂದೂರಿನ ನಿಂಗರಾಜು. ಪರಿಚಯವಾಗಿ ವಾರವೂ ಆಗಿರಲಿಲ್ಲ. "ಈಗ ಯಾರೂ ಕರಿಯಲ್ಲ ಸಾ" ಅಂದ.

"ಮುಂಚೆ?"

"ಗುಬ್ಬಿ."

ಇಂಥದ್ದು ಸಿಕ್ಕರೆ ಬಿಡುವ ಜಾಯಮಾನವೇ ನನ್ನದು? ಹೆಣ್ಣು ದನಿ ತೆಗೆದು ಕರೆಯೋಣವೆಂದು ಬಾಯಿ ತೆರೆದೆ.

"ಗುಬ್ಬೀ... ಬಾ ಕೂಸೇ, ಕತ್ಲಾಯ್ತು."

ನಡುವೆ ಉಸಿರು ಸಿಕ್ಕಿಕೊಂಡು ಸಣ್ಣಗೆ ಸಿಳ್ಳಿನಂತೆ ಎಳೆಯಿತು. ನಾನು ತೆಗೆಯಬೇಕೆಂದಿದ್ದ ದನಿ ಅದಲ್ಲ. ಆಗಿನ್ನೂ ಮಟಮಟ ಮಧ್ಯಾಹ್ನ. ಕತ್ತಲಾಯ್ತು ಅಂತ ನಾನೇಕೆ ಅನ್ನಲಿ? ಯಾರೂ ನಗಲಿಲ್ಲ. ಎಲ್ಲರೂ ತಿರುಗಿದ್ದು ಬಾಗಿಲ ಕಡೆಗೆ. ಆಪರೇಟರು "ಯಾರವ್ವ, ಒಳಕ್ ಬಾ" ಅಂದರು. ಹೇಳಲು ನಾಚಿಕೆ, ನಾನೂ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ನಿಂಗರಾಜು ಮಾತ್ರ ನನ್ನನ್ನೇ ನೋಡುತ್ತಿದ್ದ. ತೋಳು ಹಿಡಿದು, "ನಮ್ಮವ್ವನ್ನ ನೀನೆಲ್ಲಿ ನೋಡಿದ್ಯಲಾ?" ಅಂದ. ಆಕೆ ಉಬ್ಬಸದಲ್ಲಿ ತೀರಿಕೊಂಡಾಗ ಅವನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದ. ಫೋಟೋ ಒಂದಿದೆಯಂತೆ, ದನಿ ಮರೆತೇ ಹೋಗಿತ್ತಂತೆ.

"ಇನ್ನೊಂದ್ಸಲ ಕರಿ ಕಣ್ಲಾ."

ಕರೆದೆ. ಬಂದದ್ದು ಸಂತೆಯಲ್ಲಿ ಸೊಪ್ಪು ಮಾರುವವಳ ದನಿ. ಉಬ್ಬಸ ಸೇರಿಸಿ ಕರೆದೆ, ನನಗೇ ಅಸಹ್ಯವಾಯಿತು. ಅವನು ತೋಳು ಬಿಟ್ಟ.

ಮೊದಲು ಕೊಟ್ಟ ಪಾಸ್‌ವರ್ಡನ್ನು ಬದಲಿಸಲೇಬೇಕೆಂದು ಆಮೇಲೆ ವಿಶ್ವವಿದ್ಯಾನಿಲಯದಿಂದ ನಿಯಮ ಬಂತು. ನಾನು ಅವತ್ತೇ ಬದಲಿಸಿದೆ. ಅವನು ಬದಲಿಸಲಿಲ್ಲ. ಅವನ ವಿಳಾಸ ಮುಚ್ಚಿಹೋಯಿತು.

ಆ ದನಿ ನನ್ನ ಗಂಟಲಿಂದ ಬಂತೋ, ಬಾಗಿಲ ಕಡೆಯಿಂದ ಬಂತೋ, ಇವತ್ತಿಗೂ ಹೇಳಲಾರೆ. ನಿಂಗರಾಜು ಈಗಲೂ ಫೋನು ಮಾಡುತ್ತಾನೆ. ಅದೂ ಇದೂ ಮಾತಾಡಿ ಕೊನೆಗೆ ಸುಮ್ಮನಾಗುತ್ತಾನೆ. ನನಗೆ ಅರ್ಥವಾಗುತ್ತದೆ. ಗಂಟಲು ಸರಿಮಾಡಿಕೊಂಡು ಕರೆಯುತ್ತೇನೆ. ಪೂರ್ತಿ ಕೇಳಿಸಿಕೊಂಡು, ಆಚೆಯಿಂದ ಮೆಲ್ಲಗೆ ಅನ್ನುತ್ತಾನೆ, "ಅಲ್ಲ ಕಣ್ಲಾ, ಮೊದ್ದ."