ಡಿಗ್ರಿ ತಪ್ಪು ನೋಡಿದ ಬೆಳಿಗ್ಗೆ

ವಕ್ಕಲೇರಿ ಹತ್ತಿರದ ನಮ್ಮೂರಲ್ಲಿ ಹೆಂಗಸರೇ ನಡೆಸುವ ಹಾಲಿನ ಡೈರಿ ಇದೆ. ಹನ್ನೊಂದು ವರ್ಷದಿಂದ ಅಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಏಳೂವರೆಗೆ ಹಾಲಿನ ಗಾಡಿ ಬರುವಷ್ಟರಲ್ಲಿ ಎಲ್ಲರ ಹಾಲೂ ನೋಡಿ, ಅಳೆದು, ಕ್ಯಾನಿಗೆ ಸುರಿಸಿರಬೇಕು. ಯಾರ ಹಾಲು ಗಟ್ಟಿ, ಯಾರದು ನೀರು ಅಂತ ಹೇಳುವುದು ನನ್ನ ಕೆಲಸ. ನಾನು ಹೇಳಿದರೆ ಊರಲ್ಲಿ ಎದುರು ಮಾತಿರಲಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆ ಹೋಗಿತ್ತು. ಕೋಲಾರದ ಡಾಕ್ಟರೊಬ್ಬರು ಸಣ್ಣದೊಂದು ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಿಗೆಂದು ಶುರುವಾದದ್ದು ಮೂರು ವರ್ಷವಾಯಿತು. ಕೊನೆಗೆ ಅವರೇ, "ಇನ್ನು ಇದನ್ನ ಬಿಡೋಣಮ್ಮ. ಆದರೆ ನಿಧಾನಕ್ಕೆ. ಈಗ ಸ್ವಲ್ಪ ಕಡಿಮೆ ಮಾಡ್ತೀನಿ, ಒಂದು ತಿಂಗಳು ಬಿಟ್ಟು ಬಂದು ತೋರಿಸಿ," ಅಂದರು.

ನಾನು ತಿಂಗಳು ಕಾಯಲಿಲ್ಲ. ಆ ವಾರವೇ ನಾದಿನಿ ಮನೆಗೆ ಬಂದಿದ್ದಳು. ಮೆಂತ್ಯದ ಡಬ್ಬಿ ಹುಡುಕುವಾಗ ಅದರ ಹಿಂದೆ ಬಚ್ಚಿಟ್ಟಿದ್ದ ಮಾತ್ರೆ ಅವಳ ಕೈಗೆ ಸಿಕ್ಕಿತು. "ಇದು ತಲೆಗೆ ಕೊಡೋ ಮಾತ್ರೆ ಅಲ್ವಾ ಅತ್ತಿಗೆ? ನಮ್ಮೂರಲ್ಲೊಬ್ಬರು ತಗೊಳ್ತಾರೆ, ತಿಕ್ಕಲು ಅವರಿಗೆ," ಅಂದಳು. ಗ್ಯಾಸಿಗೆ ಅಂತ ಸುಳ್ಳು ಹೇಳಿದೆ. ಅವಳು ಬಸ್ಸು ಹತ್ತಿದ ದಿನವೇ ಉಳಿದದ್ದನ್ನೆಲ್ಲ ತಿಪ್ಪೆಗೆ ಎಸೆದುಬಿಟ್ಟೆ. ಯಾರನ್ನೂ ಕೇಳಲಿಲ್ಲ.

ಮೂರ್ನಾಲ್ಕು ದಿನಕ್ಕೆ ಶುರುವಾಯಿತು. ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರ. ಕಣ್ಣು ಬಿಡುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಏನೋ ದೊಡ್ಡ ತಪ್ಪು ಮಾಡಿ ಮರೆತುಬಿಟ್ಟಿದ್ದೀನಿ, ಯಾರೋ ಈಗ ಬಂದು ಹೇಳ್ತಾರೆ ಅನ್ನುವಂಥ ಭಯ. ಏನು ತಪ್ಪು ಅಂತ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಮಾಲೂರಿಗೆ ಕೊಟ್ಟಿರುವ ಮಗಳಿಗೆ ಏನಾದರೂ ಆಗಿರಬಹುದೇ ಅಂತ ಐದು ಗಂಟೆಗೇ ಫೋನ್ ಮಾಡುತ್ತಿದ್ದೆ. ಮೂರನೇ ದಿನ ಅವಳು, "ಅಮ್ಮಾ, ದಿನಾ ಇಷ್ಟೊತ್ತಿಗೆ ಮಾಡಿದ್ರೆ ಅತ್ತೆ ಏನಂದ್ಕೊಳ್ತಾರೆ?" ಅಂದಳು. ಆಮೇಲೆ ಫೋನನ್ನು ಬೀರುವಿನೊಳಗಿಟ್ಟು ಮಲಗತೊಡಗಿದೆ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಭಯ ತಾನಾಗಿ ಇಳಿಯುತ್ತಿತ್ತು. ಸಾಯಂಕಾಲ ನಗುತ್ತಾ ಮಾತಾಡುತ್ತಿದ್ದೆ. ಯಾರಿಗೆ ಹೇಳಿದರೂ ನಾಟಕ ಅಂದುಕೊಳ್ಳುತ್ತಾರೆ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಮಿಷನ್ ಕೆಟ್ಟಿತ್ತು. ಹಳೇ ಕಾಲದ ಹಾಗೆ ಎತ್ತರದ ಪಾತ್ರೆಗೆ ಹಾಲು ಹುಯ್ದು, ಅದರಲ್ಲಿ ಗಾಜಿನ ಕಡ್ಡಿ ತೇಲಿಬಿಟ್ಟು ಡಿಗ್ರಿ ನೋಡಬೇಕು. ನೊರೆ ಇಳಿಯಬೇಕು, ಹಾಲಿನ ಬಿಸಿ ಆರಬೇಕು, ಕಡ್ಡಿ ಅಲ್ಲಾಡದೆ ನಿಲ್ಲಬೇಕು, ಆಮೇಲೆ ಬಗ್ಗಿ ಓದಬೇಕು. ಹತ್ತಾರು ಜನಕ್ಕೆ ಇದನ್ನು ಕಲಿಸಿದವಳು ನಾನೇ. ಆದರೆ ಆವತ್ತು ನನ್ನ ಕೈಯೇ ನಿಲ್ಲುತ್ತಿರಲಿಲ್ಲ. ಲೈನು ಬಾಗಿಲಾಚೆ ಬೆಳೆದಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಕೊನೇ ಬೀದಿಯ ಅಜ್ಜಿಯ ಸರದಿ ಬಂತು. ಅವಳಿಗಿರುವುದು ಒಂದೇ ಹಸು, ಹೊತ್ತಿಗೆ ಎರಡೂವರೆ ಲೀಟರ್ ಹಾಲು. ಹಾಲು ಇನ್ನೂ ಬೆಚ್ಚಗಿತ್ತು, ಮೇಲೆ ನೊರೆ ತುಂಬಿತ್ತು. ನಾನು ಕಾಯದೆ ಕಡ್ಡಿ ಬಿಟ್ಟೆ, ನಿಂತುಕೊಂಡೇ ಓದಿದೆ. ಇಪ್ಪತ್ತೆರಡು. ನೀರು ಬೆರೆಸದ ಹಾಲು ಇಪ್ಪತ್ತಾರಾದರೂ ತೋರಿಸಬೇಕು.

"ಡಿಗ್ರಿ ಬರ್ತಿಲ್ಲ. ನೀರು ಹಾಕಿದ್ದೀಯ," ಅಂದೆ.

"ಇಲ್ಲ ಕಣಮ್ಮ, ಇನ್ನೊಂದ್ಸಲ ನೋಡು."

"ಎಷ್ಟು ಸಲ ನೋಡ್ಲಿ? ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ? ತಗೊಂಡು ಹೋಗು!"

ಅಷ್ಟು ಜೋರಾಗಿ ನಾನು ಯಾರ ಮೇಲೂ ಕೂಗಿದವಳಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಜ್ಜಿಗೆ ಗಾಬರಿಯಲ್ಲಿ ಕನ್ನಡವೇ ಹೋಗಿ ಮನೆಮಾತು ತೆಲುಗು ಬಂತು. "ನೇನು ನೀಳ್ಳು ಕಲಪಲೇದಮ್ಮಾ, ನಾ ಬಿಡ್ಡ ಮೀದ ಒಟ್ಟು," ಅಂದಳು. ನೀರು ಬೆರೆಸಿಲ್ಲ, ನನ್ನ ಮಗನಾಣೆ ಅಂತ. ನಾನು ಮುಂದಿನವರ ಕ್ಯಾನು ಎಳೆದುಕೊಂಡೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಹಾಲು ಹೊತ್ತುಕೊಂಡು ಹೋದಳು.

ಪರೀಕ್ಷೆಗೆ ತೆಗೆದ ಅವಳ ಹಾಲು ಲೋಟವೊಂದರಲ್ಲಿ ಉಳಿದಿತ್ತು. ಗಾಡಿ ಹೋದ ಮೇಲೆ ಅದನ್ನು ಮತ್ತೆ ಪಾತ್ರೆಗೆ ಹಾಕಿ ನೋಡಿದೆ. ನೊರೆ ಇಳಿದು ಹಾಲು ಆರಿತ್ತು. ಕಡ್ಡಿ ಇಪ್ಪತ್ತೆಂಟಕ್ಕೆ ನಿಂತಿತು. ಒಳ್ಳೇ ಹಾಲು.

ಆಗಲೇ ಅವಳ ಮನೆಗೆ ಓಡಬೇಕಿತ್ತು. ಓಡಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿ, ಬಾಗಿಲು ಹಾಕಿಕೊಂಡು ಮನೆಗೆ ಹೋದೆ. ತಪ್ಪಾಯ್ತು ಅಂದರೆ ಹೇಗಾಯ್ತು ಅಂತ ಕೇಳುತ್ತಾರೆ. ಕೈ ನಡುಗಿತು ಅಂದರೆ ಯಾಕೆ ಅಂತಾರೆ. ಅಲ್ಲಿಂದ ಮಾತ್ರೆಗೆ ಬರಲು ಎಷ್ಟು ಹೊತ್ತು? ನನ್ನ ಮರ್ಯಾದೆ ಉಳಿಸಿಕೊಳ್ಳಲು ಅವಳನ್ನು ಕಳ್ಳಿ ಮಾಡಿದೆ. ಒಂಬತ್ತು ದಿನ ಅಜ್ಜಿ ಡೈರಿಗೆ ಬರಲಿಲ್ಲ. "ಮುಖ ಇಲ್ಲ ಅವಳಿಗೆ," ಅಂತ ಲೈನಲ್ಲಿ ಯಾರೋ ಅಂದಾಗಲೂ ತಲೆ ತಗ್ಗಿಸಿಕೊಂಡು ಕಡ್ಡಿ ನೋಡುತ್ತಿದ್ದೆ. ಮೊದಲು ಕಾರಣವಿಲ್ಲದೆ ಬರುತ್ತಿದ್ದ ಭಯಕ್ಕೆ ಈಗ ನಾನೇ ಕಾರಣ ಒದಗಿಸಿದ್ದೆ.

ಯಜಮಾನರು ವೇಮಗಲ್ಲಿನ ಫ್ಯಾಕ್ಟರಿಗೆ ಹೋಗುವವರು. ಒಂದು ದಿನ ಅವರಿಗೆ ವಾರದ ರಜೆ. ಬೆಳಗ್ಗೆ ಐದಕ್ಕೆ ಹೊರಗೆ ಬಂದವರು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮುದುರಿ ಕೂತಿದ್ದ ನನ್ನನ್ನು ನೋಡಿದರು.

"ಏನೇ ಇದು? ಹೊಟ್ಟೆನೋವಾ?"

"ಇಲ್ಲ ರೀ. ಭಯ."

"ಯಾರ ಭಯ?"

"ಗೊತ್ತಿಲ್ಲ," ಅಂದೆ. ಅಳು ಬಂತು. ಮಾತ್ರೆ ಎಸೆದದ್ದು, ಅಜ್ಜಿಯದು, ಎಲ್ಲ ಹೇಳಿದೆ. ಅವರು ಪಕ್ಕದಲ್ಲೇ ಕೂತು, "ಮೊದಲು ಡಾಕ್ಟರ ಹತ್ರ ಹೋಗೋಣ. ಅಜ್ಜಿ ಹತ್ರ ನೀನೇ ಹೋಗ್ಬೇಕು, ನಾನು ಬರಲ್ಲ," ಅಂದರು.

ಡಾಕ್ಟರು ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು. "ಮೂರು ವರ್ಷ ಮೈಗೆ ಒಗ್ಗಿದ್ದನ್ನ ಒಂದೇ ಸಲ ಕಿತ್ತುಹಾಕಿದ್ದೀರಿ. ಮೈ ಹೆದರಿಕೊಂಡಿದೆ, ಅದಕ್ಕೆ ಬೇರೆ ಅರ್ಥ ಹುಡುಕ್ಬೇಡಿ," ಅಂದರು. ಮತ್ತೆ ಶುರುಮಾಡಿ, ಇನ್ನೂ ನಿಧಾನವಾಗಿ ಇಳಿಸಲು ಬರೆದುಕೊಟ್ಟರು.

ಆವತ್ತು ಮಧ್ಯಾಹ್ನವೇ ಅಜ್ಜಿಯ ಮನೆಗೆ ಹೋದೆ. ಅವಳು ಹಸುವಿಗೆ ಹಿಪ್ಪುನೇರಳೆ ಕಡ್ಡಿ ಹಾಕುತ್ತಿದ್ದಳು. ನನ್ನನ್ನು ಕೂರು ಅನ್ನಲಿಲ್ಲ. ನಿಂತೇ ಹೇಳಿದೆ, ನಿನ್ನ ಹಾಲು ಚೆನ್ನಾಗಿತ್ತು, ತಪ್ಪು ನನ್ನದು ಅಂತ.

"ಯಾವತ್ತು ಗೊತ್ತಾಯ್ತು?" ಅಂದಳು.

ಸುಳ್ಳು ಹೇಳಬಹುದಿತ್ತು. "ಆವತ್ತೇ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಮನೇಗ್ ಬಂದು ಹೇಳೋದೇನು ದೊಡ್ಡದು? ಬೈದಿದ್ದು ಲೈನಲ್ಲಿ. ಅಲ್ಲೇ ಹೇಳು."

ಮಾರನೇ ಬೆಳಿಗ್ಗೆ ಲೈನು ತುಂಬಿದ ಮೇಲೆ ಎದ್ದು ನಿಂತೆ. "ಅಜ್ಜಿ ನೀರು ಹಾಕಿರಲಿಲ್ಲ. ನಾನೇ ತಪ್ಪು ನೋಡ್ದೆ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ," ಅಂದೆ. "ಯಾಕಕ್ಕ?" ಅಂತ ಒಬ್ಬಳು ಕೇಳಿದಳು. "ನಿದ್ದೆ ಮಾತ್ರೆ ಬಿಡೋಕೆ ಹೋಗಿ ಕೈ ನಡುಗ್ತಿತ್ತು. ಅದು ನಿಮಗೆಲ್ಲ ಗೊತ್ತಾಗುತ್ತೆ ಅಂತ ನಾಚಿಕೆ," ಅಂದೆ. ಯಾರೂ ನಗಲಿಲ್ಲ. ಮುಂದಿದ್ದವಳು ತನ್ನ ಕ್ಯಾನು ಮುಂದಕ್ಕೆ ತಳ್ಳಿದಳು, ಅಷ್ಟೇ.

ಅಜ್ಜಿ ಬಂದದ್ದು ಇನ್ನೂ ಒಂದು ವಾರ ಬಿಟ್ಟು. ಈಗ ಮಿಷನ್ ರಿಪೇರಿಯಾಗಿದೆ, ಆದರೂ ಕಡ್ಡಿಯಲ್ಲೂ ನೋಡು ಅಂತಾಳೆ. ತಾನೂ ಬಗ್ಗಿ ಪಾತ್ರೆಯ ಮಟ್ಟಕ್ಕೆ ಕಣ್ಣಿಡುತ್ತಾಳೆ. ಅವಳಿಗೆ ಅಂಕಿ ಓದಲು ಬರುವುದಿಲ್ಲ, ನಾನು ಓದಿ ಹೇಳುತ್ತೇನೆ. ಮೊದಲಿನ ಹಾಗೆ ನನ್ನ ಜೊತೆ ಮಾತಾಡುವುದಿಲ್ಲ.

ಮಾತ್ರೆ ಈಗ ಕಾಲು ಭಾಗಕ್ಕೆ ಬಂದಿದೆ. ಭಯ ದಿನಾ ಬರುವುದಿಲ್ಲ. ಬಂದ ದಿನ ಯಜಮಾನರನ್ನು ಎಬ್ಬಿಸಿ ಹೇಳುತ್ತೇನೆ. ಅವರು ಎದ್ದು ಕಾಫಿಗೆ ಇಡುತ್ತಾರೆ, ನಾನು ಒಗೆಯುವ ಕಲ್ಲಿನ ಮೇಲೆ ಕೂತು ಕುಡಿದು ಡೈರಿಗೆ ಹೊರಡುತ್ತೇನೆ.